ಡೇರೆಯ ಮಲತಾಯಿ, ಮನೆಯ ಚಿಗವ್ವ

ಮೊನ್ನೆ ಭಾನುವಾರ ಮಧ್ಯಾಹ್ನ ಮೊಮ್ಮಗಳು ನನ್ನನ್ನು ಟಿ.ವಿ. ಮುಂದೆ ಕೂರಿಸಿ ಹೊಸ ಸಿನಿಮಾ ಒಂದನ್ನು ಹಚ್ಚಿದಳು. ನಾನು ಏನನ್ನೇ ನೋಡಲಿ, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ನೋಡುವವಳು. ಮೂವತ್ತು ವರ್ಷ ಶಾಲೆಯ ಗಂಟೆ ಹೊಡೆಸಿದವಳಿಗೆ ಅದೊಂದು ಚಟ, ಬಿಡಿ.

ಸಿನಿಮಾದಲ್ಲಿ ಹೆಂಡತಿ ತೀರಿಕೊಂಡ ಒಬ್ಬ ಗಂಡಸು, ಅವನಿಗೊಬ್ಬ ಮಗ. ಗಂಡನನ್ನು ಬಿಟ್ಟ ಒಬ್ಬ ಹೆಂಗಸು, ಅವಳಿಗೊಬ್ಬ ಮಗಳು. ದೊಡ್ಡವರಿಬ್ಬರೂ ಮದುವೆಯಾದರು. ಹುಡುಗನಿಗೆ ಹೊಸ ತಾಯಿಯನ್ನು ಕಂಡರಾಗದು. ಕಂಡಾಗಲೆಲ್ಲ ಬಾಗಿಲು ಬಡಿಯುತ್ತಾನೆ. ಐದು ಗಂಟೆ ಹನ್ನೆರಡು ನಿಮಿಷಕ್ಕೆ ಒಂದು ಹಾಡು ಶುರುವಾಯಿತು. ಪಲ್ಲವಿಗೆ ಹುಡುಗ ಮುಖ ತಿರುವಿಕೊಂಡಿದ್ದ. ಮೊದಲ ಚರಣಕ್ಕೆ ಅವನಿಗೆ ಜ್ವರ ಬಂತು. ಎರಡನೆಯ ಚರಣಕ್ಕೆ ಆಕೆ ಅವನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದಳು. ಆಮೇಲೆ ನಾಲ್ವರೂ ಸಮುದ್ರದ ದಂಡೆಯಲ್ಲಿ ಓಡಿದರು. ಐದು ಹದಿನಾರಕ್ಕೆ ಹುಡುಗ ಆಕೆಯನ್ನು ‘ಅಮ್ಮಾ’ ಎಂದು ಕರೆದ. ಲೆಕ್ಕ ಸರಿಯಾಗಿ ನಾಲ್ಕು ನಿಮಿಷ. ಮೊಮ್ಮಗಳು ಕಣ್ಣೊರೆಸಿಕೊಂಡಳು. ನಾನು ಗಡಿಯಾರ ಕಟ್ಟಿಕೊಂಡೆ.

“ಯಾಕಜ್ಜಿ, ಚಲೋ ಇಲ್ಲೇನು?”

“ಚಲೋ ಐತಿ. ಆದ್ರ ಆ ಮನ್ಯಾಗ ರೊಟ್ಟಿ ಬಡಿಯೋರು ಯಾರು?”

ಅವಳು ನಕ್ಕಳು. ನಾನು ನಗುವುದಕ್ಕೆ ಹೇಳಿದ್ದಲ್ಲ. ಈಗಿನ ಸಿನಿಮಾದವರು ಒಳ್ಳೆಯ ಜನ, ಒಪ್ಪುತ್ತೇನೆ. ನಮ್ಮ ಕಾಲದವರ ಹಾಗೆ ಮಲತಾಯಿಯ ಕೈಯಿಂದ ಹಾಲಿನಲ್ಲಿ ವಿಷ ಹಾಕಿಸುವುದಿಲ್ಲ. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಂದೇ. ಆಗಿನ ಮಲತಾಯಿಗೆ ಮಗುವನ್ನು ಕಾಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಈಗಿನವಳಿಗೆ ಮಗುವಿನ ಮನಸ್ಸು ಗೆಲ್ಲುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ನನಗೆ ಮಲತಾಯಿಯಾಗಿ ಬಂದ ಚಿಗವ್ವನಿಗೆ ದಿನಕ್ಕೆ ಇಪ್ಪತ್ತು ರೊಟ್ಟಿ, ಎರಡು ಎಮ್ಮೆ, ಸೇದುವ ಬಾವಿಯ ಹನ್ನೆರಡು ಕೊಡ ನೀರು ಇದ್ದವು. ಮನಸ್ಸು ಗೆಲ್ಲುವುದೇನಿದ್ದರೂ ಅದರ ನಡುವೆ, ನಿಂತ ನಿಲುವಿನಲ್ಲಿ ಆಗಬೇಕಿತ್ತು.

ಜ್ವರದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನನಗೆ ಜ್ವರ ಬಂದದ್ದೇ ಕಡಿಮೆ. ನನಗೆ ಬಂದದ್ದು ಕಜ್ಜಿ. ಬೆರಳ ಸಂದಿಯಿಂದ ಹಿಡಿದು ಹೇಳಬಾರದ ಜಾಗದವರೆಗೆ. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಚಿಗವ್ವ ನನ್ನನ್ನು ಅದ್ದಿ ತಿಕ್ಕಿದ ತಿಕ್ಕಿಗೆ ಮೂರು ಓಣಿಯ ನಾಯಿಗಳು ಬೊಗಳಿದವು. ಯಾವ ಸಿನಿಮಾದವರೂ ಕಜ್ಜಿಯ ಮೇಲೆ ಹಾಡು ಬರೆಸಿದ್ದನ್ನು ನಾನು ಕಾಣೆ.

ಮೊದಲು ಚಿಗವ್ವ ಯಾರೆಂದು ಹೇಳಬೇಕು. ನಮ್ಮದು ಮಸ್ಕಿ. ಅಪ್ಪನಿಗೆ ಸಂತೆಯ ಬೀದಿಯಲ್ಲಿ ಹಗ್ಗ, ದನ ಕಟ್ಟುವ ಕಣ್ಣಿ, ಬಾರುಕೋಲುಗಳ ಅಂಗಡಿ. ಊರ ಹೊರಗೆ ಒಂದಿಷ್ಟು ಎರೆಹೊಲ. ನಾನು ಐದು ವರ್ಷದವಳಿದ್ದಾಗ ನನ್ನ ಹೆತ್ತವ್ವ ತೀರಿಕೊಂಡಳು. ರಜಾಕಾರರ ಗದ್ದಲ ಅಡಗಿ, ನಮ್ಮ ಶಾಲೆಯ ಉರ್ದು ಹಲಗೆ ಇಳಿದು ಕನ್ನಡದ ಹಲಗೆ ಏರಿ ಎರಡು ವರ್ಷವಾಗಿತ್ತು. ಆಗ ಅಪ್ಪ ಶರಣವ್ವ ಎಂಬುವಳನ್ನು ಉಡಿಕಿ ಮಾಡಿಕೊಂಡ.

ಉಡಿಕಿ ಅಂದರೆ ನಮ್ಮ ಕಡೆ ಗಂಡ ಸತ್ತವಳಿಗೆ ಮತ್ತೊಂದು ಮನೆ ಮಾಡಿಕೊಡುವ ಪದ್ಧತಿ. ಹಂದರವಿಲ್ಲ, ಬಾಜಾ ಇಲ್ಲ. ಹಿರಿಯರು ನಾಲ್ಕು ಮಂದಿ ಕೂತು, ಹೊಸ ಸೀರೆ ಉಡಿಸಿ, ತಾಳಿ ಕಟ್ಟಿಸಿ ಕಳಿಸಿಕೊಡುತ್ತಾರೆ. ಅಷ್ಟು ಒಳ್ಳೆಯ ಪದ್ಧತಿಯಲ್ಲಿ ಒಂದು ಮುಳ್ಳಿತ್ತು. ಮೊದಲ ಗಂಡನಿಂದ ಹುಟ್ಟಿದ ಮಕ್ಕಳು ಆ ಮನೆಯ ಸ್ವತ್ತು; ತಾಯಿ ಅವರನ್ನು ಅಲ್ಲಿಯೇ ಬಿಟ್ಟು ಬರಬೇಕು. ಶರಣವ್ವನ ಮೊದಲ ಗಂಡನ ಮನೆ ಸಿಂಧನೂರಿನ ಆಚೆ ಜವಳಗೇರಾದಲ್ಲಿತ್ತು. ಅಲ್ಲಿ ಆಕೆ ಮೂರು ವರ್ಷದ ಮಗಳು ನೀಲಾಳನ್ನು ಬಿಟ್ಟು ಬಂದಿದ್ದಳು. ಬಿಡುವಾಗ ಕೂಸಿನ ಅಜ್ಜ ಅಮರಪ್ಪ ಒಂದೇ ಮಾತು ಹೇಳಿದ್ದನಂತೆ: “ಕೂಸಿಗೆ ಐದು ತುಂಬಲಿ. ನಿನ್ನ ಆ ಮನಿ ಹೆಂಗೈತಿ ನೋಡಿ ಕಳಸೋದು ಬಿಡೋದು ಹೇಳ್ತೀನಿ.” ಆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಚಿಗವ್ವ ನಮ್ಮ ಮನೆಗೆ ಬಂದಳು. ಆಗ ನನಗೆ ಎಂಟು.

ಬಂದ ಮರುದಿನದಿಂದಲೇ ಮನೆಗೆ ಶಿಸ್ತು ಬಂತು. ಗಡಿಯಾರ ಇರಲಿಲ್ಲ. ಸಿಂಧನೂರಿಗೆ ಹೋಗುವ ಮೊದಲ ಬಸ್ಸು ಹಾರ್ನ್ ಹೊಡೆಯುವಷ್ಟರಲ್ಲಿ ನನ್ನ ಮುಖ ತೊಳೆದು, ಜಡೆ ಹೆಣೆದು, ಅಂಗಳ ಕಸ ಹೊಡೆದು ಆಗಿರಬೇಕು. ಪಾಟಿಯ ಎರಡೂ ಮಗ್ಗುಲು ತುಂಬ ಬರೆದು ತೋರಿಸಿದ ಮೇಲೆ ರೊಟ್ಟಿ. ಬರೆದದ್ದು ಆಕೆಗೆ ಓದಲು ಬರುತ್ತಿರಲಿಲ್ಲ. ಸಾಲು ಸೊಟ್ಟಗಿದ್ದರೆ ಮಾತ್ರ ಗೊತ್ತಾಗುತ್ತಿತ್ತು. “ನೇಗಿಲ ಸಾಲು ಹಿಂಗ ಹೊಡದ್ರ ಎತ್ತು ನಗತಾವ” ಎಂದು ಅಂಗೈಯಿಂದ ಒರೆಸಿಬಿಡುವಳು. ಬುಧವಾರ, ಭಾನುವಾರ ಸೀರಣಿಗೆ ಹಿಡಿದು ಹೇನು ತೆಗೆಯುವುದು. ಮೂರು ವರ್ಷ ಹೇಳುವವರು ಕೇಳುವವರಿಲ್ಲದೆ ಹಳ್ಳದಲ್ಲಿ ಓಡಾಡಿಕೊಂಡಿದ್ದ ನನಗೆ ಇದೆಲ್ಲ ಜೈಲು. ನನ್ನ ಇಡೀ ಜೀವನದ ವೇಳಾಪಟ್ಟಿ ಹಾಕಿಕೊಟ್ಟವಳು ಆಕೆ ಎಂದು ತಿಳಿಯಲು ನಾನೇ ಶಾಲೆಯ ಗಂಟೆಯ ಪಕ್ಕ ನಿಲ್ಲಬೇಕಾಯಿತು. ಎಂಟರ ವಯಸ್ಸಿನಲ್ಲಿ ಮಾತ್ರ, ನಿಜ ಹೇಳಬೇಕೆಂದರೆ, ಆಕೆಯನ್ನು ಚಿಗವ್ವ ಎಂದು ಕರೆಯಲೂ ಹಟ. “ಏನಬೇ”, “ಇಲ್ಲಬೇ”, ಅಷ್ಟೇ.

ಹೀಗೆ ಎರಡು ವರ್ಷ ಕಳೆಯಿತು. ಆಗ ಬಂತು ಸಿನಿಮಾ.

ಡೇರೆ ಲಿಂಗಸೂಗೂರಿನಲ್ಲಿ ಒಂದು ತಿಂಗಳು ನಿಂತು ಆಮೇಲೆ ಮಸ್ಕಿ ಹಳ್ಳದ ದಂಡೆಗೆ ಬಂತು. ಲಿಂಗಸೂಗೂರಿಗೆ ಮಗಳನ್ನು ಕೊಟ್ಟವರು ಮೊದಲೇ ನೋಡಿ ಬಂದು ಊರೆಲ್ಲ ಹೇಳಿದ್ದರು: “ಮಲತಾಯಿ ಪಿಚ್ಚರ್ ಅಂತ. ಸೆರಗು ಎರಡು ಇರಬೇಕವ್ವ, ಒಂದು ಕಣ್ಣಿಗಿ, ಒಂದು ಮೂಗಿಗಿ.” ನಮ್ಮ ಓಣಿಯ ಹೆಂಗಸರೆಲ್ಲ ಹೊತ್ತು ಮುಳುಗುವಾಗ ಬುತ್ತಿ ಕಟ್ಟಿಕೊಂಡು ಹೋದೆವು. ನಡುವೆ ಗೋಣಿತಟ್ಟಿನ ಅಡ್ಡಗೋಡೆ; ಆಚೆ ಗಂಡಸರು, ಈಚೆ ನಾವು, ಕೆಳಗೆ ಮರಳು.

ಚಿತ್ರ ತೆಲುಗಿನದು. ನಮ್ಮಲ್ಲಿ ಅರ್ಧ ಜನಕ್ಕೆ ತೆಲುಗು ಬರುತ್ತಿರಲಿಲ್ಲ. ಅದಕ್ಕೆಂದು ಡೇರೆಯವರು ಒಬ್ಬನನ್ನು ಬಿದಿರಿನ ಕೋಲು ಕೊಟ್ಟು ಪರದೆಯ ಪಕ್ಕ ನಿಲ್ಲಿಸಿದ್ದರು. ಅವನು ಕನ್ನಡದಲ್ಲಿ ಹೇಳುವವನು. ಹೇಳುವುದೆಂದರೆ ಏನು? ಮಲತಾಯಿ ಬಾಗಿಲು ತೆರೆದರೆ ಸಾಕು, “ನೋಡ್ರೆವ್ವಾ, ಬಂದ್ಲು ರಾಕ್ಷಸಿ!” ಆಕೆ ಮಗುವಿಗೆ ಉಣಿಸಿದರೆ, “ಗಂಡನ ಮುಂದ ತುತ್ತು, ಹಿಂದ ಚಿವುಟಾಟ! ನಗಿ ನೋಡ್ರಿ ಆಕಿದು!” ಆ ಮಾತು ಚಿತ್ರದಲ್ಲಿತ್ತೋ ಅವನ ಕೋಲಿನಲ್ಲಿತ್ತೋ ದೇವರಿಗೇ ಗೊತ್ತು. ಕೊನೆಯ ರೀಲಿಗೆ ಹೆಂಗಸರು ಮುಷ್ಟಿ ಮುಷ್ಟಿ ಮರಳು ತೂರಿ ಪರದೆಯ ಮೇಲಿನ ಮಲತಾಯಿಯನ್ನು ಹೂತುಹಾಕುವುದೊಂದು ಬಾಕಿ.

ನಮ್ಮ ಚಿಗವ್ವ ಎರಡನೆಯ ರೀಲಿಗೇ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಳು. ನಸುಕಿಗೆ ಎದ್ದವಳು, ಪಾಪ. ದೀಪ ಹತ್ತಿದಾಗ ಇಡೀ ಓಣಿ ಮೂಗೊರೆಸಿಕೊಳ್ಳುತ್ತ ಆಕೆಯ ಕಡೆ ತಿರುಗಿತು. ಆಕೆ ಆಕಳಿಸಿ, “ಮುಗೀತೇನು? ನಡೀರಿ, ನಸುಕಿಗಿ ಎಮ್ಮಿ ಹಿಂಡೋದೈತಿ” ಎಂದಳು.

ಪಕ್ಕದ ಮನೆಯ ತಿಪ್ಪವ್ವ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದಳು: “ಒಂದು ಹನಿ ಕಣ್ಣೀರು ಬರಲಿಲ್ಲ ನೋಡ್ರೆವ್ವಾ ಆಕಿಗಿ. ಬರಬೇಕಾದ್ರ ಕರುಳಿರಬೇಕಲ್ಲ!”

ಮರುದಿನದಿಂದ ನಮ್ಮ ಮನೆಯ ಪಡಸಾಲೆಗೆ ಕಾವಲು ಬಿತ್ತು. ನಾನು ಉಣ್ಣುವ ಹೊತ್ತಿಗೆ ಒಬ್ಬಳು ಕೆಂಡ ಕೇಳಲು, ಒಬ್ಬಳು ಹೆಪ್ಪು ಕೇಳಲು. ಕಣ್ಣೆಲ್ಲ ನನ್ನ ರೊಟ್ಟಿಯ ಮೇಲೆ. ಚಿಗವ್ವ ಗದರಿಸಿದರೆ, “ಕೇಳಿದ್ರೇನು?” ಗದರಿಸದೆ ತುಪ್ಪ ಬಡಿಸಿದರೆ, “ಮುಂದ ತುತ್ತು, ಹಿಂದ ಚಿವುಟಾಟ.” ನೀವೇ ಹೇಳಿ, ಆ ತಾಯಿ ಎತ್ತ ಹೋಗಬೇಕು? ಬೈದರೂ ಕೆಟ್ಟವಳು, ನಕ್ಕರೆ ಇನ್ನೂ ಕೆಟ್ಟವಳು. ಆಕೆ ಮಾತ್ರ ಇದೊಂದೂ ತಿಳಿಯದೆ, ಓಣಿಯವರಿಗೆ ಇದ್ದಕ್ಕಿದ್ದಂತೆ ನಮ್ಮ ಮನೆಯ ಮೇಲೆ ಪ್ರೀತಿ ಬಂದದ್ದಕ್ಕೆ ಬೆರಗಾಗಿದ್ದಳು. ಹತ್ತು ವರ್ಷದ ನಾನು ಒಂದೇ ದಿನದಲ್ಲಿ ಎಲ್ಲ ತಿಳಿದುಕೊಂಡೆ.

ಚಿತ್ರದ ಆ ಅನಾಥ ಹುಡುಗಿ ಕಂಬ ಹಿಡಿದು ನಿಲ್ಲುತ್ತಿದ್ದಳು, ತಲೆ ತಗ್ಗಿಸುತ್ತಿದ್ದಳು, ಒಂದು ಉಸಿರು ಬಿಡುತ್ತಿದ್ದಳು. ನಾನು ತಿಪ್ಪವ್ವನ ಮನೆಯ ಕಂಬ ಹಿಡಿದು ನಿಂತೆ. ತಲೆ ತಗ್ಗಿಸಿದೆ. ಉಸಿರು ಬಿಟ್ಟೆ. ಒಂದು ಶೇಂಗಾ ಉಂಡಿ ಬಂತು.

“ಹೇಳವ್ವ ನನ್ನ ಕೂಸ, ಏನು ಮಾಡ್ತಾಳ ಆಕಿ?”

“ನಸುಕಿನ್ಯಾಗ ಎಬ್ಬಸ್ತಾಳ.”

“ಅಯ್ಯ ಶಿವನೇ! ಮತ್ತ?”

“ತಣ್ಣೀರು ಸುರೀತಾಳ.” ಇದು ಶುದ್ಧ ಸುಳ್ಳು. ನನಗೆ ಕಾಸಿದ ನೀರು. ಆಕೆ ತಾನು ತಣ್ಣೀರು ಹೊಯ್ದುಕೊಳ್ಳುತ್ತಿದ್ದಳು.

“ಉಣ್ಣಾಕ ಹಾಕ್ತಾಳೋ ಇಲ್ಲೋ?”

“ಹಾಕ್ತಾಳ. ನಮ್ಮದೆಲ್ಲ ಆದ್ಮ್ಯಾಲೆ ತಾನು ಒಬ್ಬಾಕೀನ ಕುಂತು ಉಣ್ತಾಳ.” ಇದು ನಿಜ. ಉಳಿದದ್ದನ್ನು ಉಣ್ಣುತ್ತಿದ್ದಳು.

ತಿಪ್ಪವ್ವ ಗಲ್ಲಕ್ಕೆ ಕೈ ಇಟ್ಟುಕೊಂಡಳು. “ಒಬ್ಬಾಕೀನ ಯಾಕ ಉಣ್ತಾಳಂತೀ? ಗಡಗಿ ತುಪ್ಪ ಆಕಿ ಗಂಗಾಳದಾಗ!” ಎರಡನೆಯ ಉಂಡಿ ಬಂತು. ಆ ಮಳೆಗಾಲವೆಲ್ಲ ನಾನು ಕಣ್ಣೀರಿನ ನಾಯಕಿಯಾಗಿ ದುಂಡಗಾದೆ. ಕೊರಗುತ್ತಿರುವ ಹುಡುಗಿ ಹೀಗೇಕೆ ಮೈ ಕೈ ತುಂಬಿಕೊಂಡಿದ್ದಾಳೆ ಎಂದು ಓಣಿಯಲ್ಲಿ ಒಬ್ಬರೂ ಕೇಳಲಿಲ್ಲ.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ತಿಪ್ಪವ್ವನ ದೊಡ್ಡ ಮಗಳನ್ನು ಕೊಟ್ಟದ್ದು ಜವಳಗೇರಾಕ್ಕೆ.

ಸುಗ್ಗಿಯ ಮುಂಚೆ ಒಂದು ಸಂತೆಯ ದಿನ, ಜವಳಗೇರಾದಿಂದ ಕಣ್ಣಿ ಕೊಳ್ಳಲು ಬಂದ ರೈತನೊಬ್ಬ ಅಪ್ಪನ ಅಂಗಡಿಯಲ್ಲಿ ನಿಂತು ಅಮರಪ್ಪಜ್ಜನ ಮಾತು ಒಪ್ಪಿಸಿದ. ರೊಟ್ಟಿ ಬುತ್ತಿ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ. “ಕೂಸಿಗಿ ಐದು ತುಂಬ್ಯಾವಂತ, ಆದ್ರ ಕಳಸಂಗಿಲ್ಲಂತ ಹೇಳ್ಯಾನ್ರಿ ಯಜಮಾನ. ನಿಮ್ಮ ಮನ್ಯಾಗ ಆಕಿ ನಿಮ್ಮ ಮಗಳ್ನ ಗೋಳು ಹೊಯ್ಕೊಳ್ಳಾಕತ್ತ್ಯಾಳಂತ ಸುದ್ದಿ ಬಂದೈತಿ. ಆಕಿ ನಿಮ್ಮ ಕೂಸಿಗಿ ಮಾಡಿದ್ದನ್ನ ನಾಳಿ ನೀವು ಅವರ ಕೂಸಿಗಿ ಮಾಡ್ತೀರಿ. ಇಲ್ಲಿ ಆ ಕೂಸೂ ಮಲಮಗಳೇ ಅಲ್ಲೇನ್ರಿ ಅಂದ.”

ಅಪ್ಪ ಕೈಯಲ್ಲಿದ್ದ ಹಗ್ಗವನ್ನು ಸುತ್ತುವುದು ಬಿಟ್ಟು ನಿಂತ. ನಾನು ಬುತ್ತಿಯ ಅರಿವೆ ಮಡಿಚುತ್ತ, ಮಡಿಚುತ್ತ, ಅಂಗೈಯಷ್ಟು ಮಾಡಿದೆ.

ಆ ಸಂಜೆ ಅಪ್ಪ ಸುದ್ದಿ ಹೇಳಿದಾಗ ಚಿಗವ್ವ ಒಲೆಯ ಮುಂದಿದ್ದಳು. ಅಳಲಿಲ್ಲ, ಕೂಗಲಿಲ್ಲ. ರೊಟ್ಟಿ ಬಡಿಯುವ ಸಪ್ಪಳವೂ ನಿಲ್ಲಲಿಲ್ಲ. ಆದರೆ ಹೆಂಚಿನ ಮೇಲಿದ್ದ ರೊಟ್ಟಿ ಹತ್ತಿ ಹೊಗೆಯೆದ್ದರೂ ಆಕೆ ತಿರುವಿಹಾಕಲಿಲ್ಲ. ಎರಡು ವರ್ಷದಲ್ಲಿ ಆ ಕೈಯಿಂದ ಒಂದು ರೊಟ್ಟಿ ಹೊತ್ತಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಸಾವಕಾಶ ತೆಗೆದು, ಬದಿಗಿಟ್ಟು, “ಇದು ನನಗಿರಲಿ” ಎಂದಳು.

ಮೂರು ತಿಂಗಳ ಶೇಂಗಾ ಉಂಡಿಗಳೆಲ್ಲ ಗಂಟಲಿಗೆ ಬಂದವು. ನಾನು ಒಲೆಯ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ: ಕಂಬ, ಉಸಿರು, ತಣ್ಣೀರು, ಉಂಡಿಯ ಎಣಿಕೆ ಸಹ. ಬೆನ್ನು ಬಗ್ಗಿಸಿ ಹೊಡೆತಕ್ಕೆ ಸಿದ್ಧಳಾಗಿ ನಿಂತೆ. ಚಿಗವ್ವ ಒಲೆಯ ಕೊಳ್ಳಿ ಹಿಂದಕ್ಕೆಳೆದು, ನನ್ನ ಗಂಗಾಳಕ್ಕೆ ರೊಟ್ಟಿ ಹಾಕಿದಳು.

“ನಾಳಿ ಮೊದಲನೇ ಬಸ್ಸಿಗಿ ಜವಳಗೇರಾಕ್ಕ ಹೋಗೋಣು. ಲಗೂ ಉಂಡು ಮಲಕೋ,” ಎಂದಳು. ಅಷ್ಟೇ.

ಬಸ್ಸಿನಲ್ಲಿ ಅಪ್ಪ ನನಗೆ ಪಾಠ ಹೇಳಿಕೊಟ್ಟ. “ಅಮರಪ್ಪಜ್ಜ ಕೇಳಿದ್ರ, ‘ಹೊಡಿಯಂಗಿಲ್ರಿ, ಬೈಯಂಗಿಲ್ರಿ’ ಅನ್ನು. ತಿಳೀತಿಲ್ಲೋ?” ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಚಿಗವ್ವ ತಿರುಗಿ, “ಇದ್ದದ್ದು ಇದ್ದಂಗ ಹೇಳು,” ಎಂದಳು. “ನೀ ಸುಮ್ಮನಿರಬೇ, ಕೆಲಸ ಕೆಡಸ್ತೀ,” ಎಂದ ಅಪ್ಪ. ಆಕೆ ಮತ್ತೆ ಕಿಟಕಿಯ ಕಡೆ ತಿರುಗಿದಳು. ಸಿಂಧನೂರಿನಲ್ಲಿ ಇಳಿದು, ಅಪ್ಪನ ಗುರುತಿನವರ ಎತ್ತಿನ ಗಾಡಿ ಹತ್ತಿದೆವು. ದಾರಿಯುದ್ದಕ್ಕೂ ಹೊಸ ಕಾಲುವೆ ಅಗೆಯುವವರ ಗುಡಾರಗಳು, ಗುಡ್ಡದಂತೆ ಬಿದ್ದ ಕರಿಮಣ್ಣು. ಬೇರೆ ದಿನವಾಗಿದ್ದರೆ ನಾನು ಇಳಿದು ಆ ಮಣ್ಣಿನ ಮೇಲೆ ಹತ್ತಿ ಜಾರುತ್ತಿದ್ದೆ. ಅಂದು ಗಾಡಿಯ ಮೂಲೆ ಬಿಟ್ಟು ಅಲುಗಲಿಲ್ಲ.

ಅಮರಪ್ಪಜ್ಜನ ಮನೆಯ ಕಟ್ಟೆಯ ಮೇಲೆ ನಮ್ಮ ಗಾಡಿ ಕಂಡು ಓಣಿಯ ಇಬ್ಬರು ಹಿರಿಯರು ಬಂದು ಕೂತರು. ಅಪ್ಪ ಅವರ ಪಕ್ಕ ಕೂತ. ಚಿಗವ್ವ ತಲೆಯ ಮೇಲೆ ಸೆರಗು ಹೊದ್ದು, ಒಂದು ಕಾಲದಲ್ಲಿ ತಾನೇ ಸಾರಿಸುತ್ತಿದ್ದ ಆ ಪಡಸಾಲೆಯಲ್ಲಿ ಪರಕೀಯಳಾಗಿ ನಿಂತಳು. ಒಳಗಿಂದ ಅಮರಪ್ಪಜ್ಜನ ಹೆಂಡತಿ ಈರಮ್ಮಜ್ಜಿ ಗೋಡೆ ಸವರುತ್ತ ಬಂದಳು; ಕಣ್ಣಿಗೆ ಪೊರೆ ಬಂದಿತ್ತು. ಅವಳ ಸೀರೆಯ ನಿರಿಗೆ ಹಿಡಿದು ಒಂದು ಸಣ್ಣ ಹುಡುಗಿ, ಜಡೆಯಿಲ್ಲದ ಕೆಂಚು ಕೂದಲು. ನೀಲಾ. ಅವಳು ಚಿಗವ್ವನನ್ನು ನೋಡಿ, ಗುರುತು ಹತ್ತದೆ, ಅಜ್ಜಿಯ ಹಿಂದೆ ಅಡಗಿದಳು. ಚಿಗವ್ವನ ಕೈ ಮುಂದಕ್ಕೆ ಬಂದು ಅರ್ಧಕ್ಕೇ ನಿಂತಿತು.

ಅಮರಪ್ಪಜ್ಜ ನನ್ನನ್ನು ಎದುರಿಗೆ ಕರೆದ. “ಬಾರವ್ವ ಇಲ್ಲೆ. ಅಂಜಬ್ಯಾಡ. ಇಕಿ ನಿನ್ನ ಹೊಡಿತಾಳೇನು?”

ಅಪ್ಪ ನನ್ನ ಕಡೆ ಕಣ್ಣು ಬಿಟ್ಟು ನೋಡಿದ.

“ಹೊಡಿತಾಳ್ರಿ,” ಎಂದೆ.

ಕಟ್ಟೆಯ ಮೇಲೆ ಗದ್ದಲವಾಯಿತು. ಅಪ್ಪ ಹಣೆ ಹಿಡಿದುಕೊಂಡ. “ಕೇಳಿದ್ರಿಲ್ಲೋ? ಕೂಸಿನ ಬಾಯಾಗ ಬಂತು!” ಎಂದ ಒಬ್ಬ ಹಿರಿಯ. ಅಮರಪ್ಪಜ್ಜ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದ.

“ಎಷ್ಟು ಸಲ ಹೊಡದಾಳ?”

“ಎರಡು ಸಲರಿ. ಒಮ್ಮಿ ಬಾವಿ ದಂಡಿ ಮ್ಯಾಲೆ ಕುಂತು ಕಾಲು ಇಳಿಬಿಟ್ಟಿದ್ನಿ, ಅದಕ್ಕ. ಒಮ್ಮಿ ಎಮ್ಮಿ ಕರಕ್ಕ ಕಲ್ಲು ಒಗದಿದ್ನಿ, ಅದಕ್ಕ.”

“ಮತ್ತ ಆ ತಣ್ಣೀರು, ಉಪಾಸ ಕೆಡವೋದು?”

“ಅವು ನಾ ಹೇಳಿದ ಸುಳ್ಳುರಿ. ತಿಪ್ಪವ್ವ ಉಂಡಿ ಕೊಡ್ತಿದ್ಲು.”

ಅಜ್ಜನ ಮೀಸೆ ಅಲುಗಿತು. “ಆ ಸುಳ್ಳಿಗೆ ಹೊಡೀಲಿಲ್ಲೇನು?”

“ಇಲ್ರಿ. ಹೊಡದಿದ್ರ ಚಂದಿತ್ತು.”

ಅಜ್ಜ ಮುಂದಕ್ಕೆ ಬಾಗಿ ಕೇಳಿದ: “ಹಾದಿ ಮ್ಯಾಲೆ ಇವರು ನಿನಗ ಏನು ಹೇಳಿಕೊಟ್ಟಾರ? ಖರೇ ಹೇಳು.”

“ಅಪ್ಪ ‘ಹೊಡಿಯಂಗಿಲ್ಲ ಅನ್ನು’ ಅಂದ್ರಿ. ಚಿಗವ್ವ ‘ಇದ್ದದ್ದು ಇದ್ದಂಗ ಹೇಳು’ ಅಂದ್ಲು.”

“ಮತ್ತ ಅಪ್ಪನ ಮಾತು ಬಿಟ್ಟು ಆಕಿ ಮಾತು ಯಾಕ ಕೇಳಿದಿ?”

“ಕೇಳಲಿಲ್ಲಂದ್ರ ಹೊಡಿತಾಳ್ರಿ.”

ಇಬ್ಬರು ಹಿರಿಯರಲ್ಲಿ ಒಬ್ಬನಿಗೆ ಎಲೆ ಅಡಿಕೆ ನೆತ್ತಿಗೆ ಹತ್ತಿತು. ಅಮರಪ್ಪಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ ನಗೆಗೆ ಕಟ್ಟೆಯ ಕೆಳಗಿನ ಕೋಳಿಗಳು ಹಾರಿದವು. ಅಪ್ಪ ನಗಬೇಕೋ ಬೇಡವೋ ತಿಳಿಯದೆ ಕೂತಿದ್ದ. ನಾನು ಮಾತ್ರ ನಗಿಸಲು ಹೇಳಿದವಳಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದೆ.

“ಅಂಜಿದ ಕೂಸು ಆಕಿ ಮುಂದ ನಿಂತು ‘ಹೊಡಿತಾಳ’ ಅನ್ನಂಗಿಲ್ಲೋ,” ಎಂದ ಅಜ್ಜ ಕಣ್ಣೊರೆಸಿಕೊಳ್ಳುತ್ತ. “ಆಕಿ ಮುಂದ ಆಕೀನ ದೂರಾಕ ಧೈರ್ಯ ಐತಿ ಅಂದ್ರ, ಅದು ಸ್ವಂತ ಮನಿ ಕೂಸು.”

ಈರಮ್ಮಜ್ಜಿ ಮಾತ್ರ ನಕ್ಕಿರಲಿಲ್ಲ. ಅವಳು ನನ್ನನ್ನು ಹತ್ತಿರ ಎಳೆದು, ಕಂಬಕ್ಕೆ ಒರಗಿ ಕೂತು, ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಣ್ಣು ಕಾಣದವಳ ಬೆರಳು ಜಡೆ ಬಿಚ್ಚಿ, ಬೈತಲೆಯಿಂದ ಹಿಂದಲೆಯವರೆಗೆ, ಕಿವಿಯ ಹಿಂದೆ, ಕುತ್ತಿಗೆಯ ಸಂದಿಗೆ ಎಳೆ ಎಳೆಯಾಗಿ ಹುಡುಕಿದವು.

“ಒಂದು ಹೇನಿಲ್ಲ,” ಎಂದಳು ಕೊನೆಗೆ. “ಸೀರಿಲ್ಲ. ಎಣ್ಣಿ ಹಚ್ಚಿ ಬಾಚಿದ ತಲಿ.” ಆಮೇಲೆ ನೀಲಾಳ ಕೆಂಚು ಕೂದಲ ಮೇಲೆ ಕೈಯಿಟ್ಟಳು. “ಈ ಕೂಸಿನ ತಲ್ಯಾಗ ಹುಳ ಬಿದ್ದಾವ ಶರಣವ್ವ. ನನ್ನ ಕಣ್ಣು ಹೋಗ್ಯಾವ. ಬಡಕೊಂಡ್ರೂ ತಗಿಯಾಕ ಆಗವಲ್ದು. ಒಯ್ಯವ್ವ. ಎಳ್ಳಮಾಸಿ ಹಬ್ಬಕ್ಕ ಒಂದು ವಾರ ಕಳಸು, ಅಷ್ಟು ಸಾಕು ನನಗ.”

ಚಿಗವ್ವ ಆಗ ಕೂತಳು. ಪಡಸಾಲೆಯ ನಡುವೆಯೇ. ಅಜ್ಜಿಯ ಪಾದ ಹಿಡಿದುಕೊಂಡಳು. ಆಮೇಲೆ ತಾನೇ ಎದ್ದು, ಮೂಗೊರೆಸಿಕೊಂಡು, “ಸೀರಣಿಗಿ ಐತೇನು ಮನ್ಯಾಗ?” ಎಂದಳು. ಹೊರಡುವ ಮುಂಚೆ ಅಂಗಳದ ಬಿಸಿಲಿನಲ್ಲಿ ಕೂತು ಮಗಳ ತಲೆ ನೋಡಿದಳು. ನೀಲಾ ಆರಂಭದಲ್ಲಿ ಚೀರಿದಳು, ಕಚ್ಚಲು ಹೋದಳು. “ಚೀರಬ್ಯಾಡ, ಸುಮ್ಮನ ಕುಂದ್ರು, ಲಗೂ ಮುಗಿತೈತಿ,” ಎಂದು ನಾನೇ ಅವಳ ಎರಡೂ ಕೈ ಹಿಡಿದುಕೊಂಡೆ. ಅನುಭವಸ್ಥಳಲ್ಲವೇ? ನಾಲ್ಕು ನಿಮಿಷವಲ್ಲ, ಹೊತ್ತು ನೆತ್ತಿಗೇರಿ ಇಳಿಯುವವರೆಗೆ ಹಿಡಿಯಿತು. ಅಷ್ಟರಲ್ಲಿ ಅವಳು ಅಳು ನಿಲ್ಲಿಸಿ ನನ್ನ ಬಳೆ ಎಣಿಸುತ್ತಿದ್ದಳು.

ಮಸ್ಕಿಯಲ್ಲಿ ಬಸ್ಸಿಳಿದು ನಮ್ಮ ಓಣಿಗೆ ನಾಲ್ವರೂ ನಡೆದು ಬಂದಾಗ ಇನ್ನೂ ಸಂಜೆಯ ಬೆಳಕಿತ್ತು. ಚಿಗವ್ವ ಮುಂದೆ, ಸೆರಗು ಭುಜದ ಮೇಲೆ. ಎರಡು ಕೈಗೆ ನಾವಿಬ್ಬರು. ಬಾಗಿಲು ಬಾಗಿಲಿಗೆ ಹೆಂಗಸರು. ತಿಪ್ಪವ್ವ ತನ್ನ ಕಂಬಕ್ಕೆ ಒರಗಿ ನಿಂತಿದ್ದಳು.

“ಕರಕೊಂಡು ಬಂದಿಯೇನಬೇ ಶರಣವ್ವ ಮಗಳ್ನ?”

“ಬಂದ್ನಿ ಬೇ ತಿಪ್ಪವ್ವ. ಇನ್ನ ಇಬ್ಬರು ಅದಾರ. ಉಂಡಿ ಒಂದೀಟು ಹೆಚ್ಚಿಗಿ ಕಟ್ಟು.”

ಓಣಿಗೆ ಓಣಿಯೇ ನಕ್ಕಿತು. ತಿಪ್ಪವ್ವ ಕೆಂಪಗಾಗಿ, ಆಮೇಲೆ ತಾನೂ ನಕ್ಕು, “ಕಟ್ತೀನೇಳು, ನಿನ್ನ ಬಾಯಿಗಿಷ್ಟು!” ಎಂದು ಒಳಗೆ ಹೋದಳು. ಆ ಊರಿನಲ್ಲಿ ನಾನು ಆಮೇಲೆ ಮೆರವಣಿಗೆಗಳನ್ನು ಬಹಳ ಕಂಡಿದ್ದೇನೆ. ನಾವು ನಾಲ್ವರು ನಡೆದು ಬಂದ ಆ ಒಂದು ಓಣಿಯ ಉದ್ದದ ಮುಂದೆ ಅವೆಲ್ಲ ಸಪ್ಪೆ.

ಸಿನಿಮಾ ಆಗಿದ್ದರೆ ನಾನು ಇಲ್ಲಿ ಓಡಿಹೋಗಿ ಆಕೆಯನ್ನು ‘ಅವ್ವಾ’ ಎಂದು ತಬ್ಬಿಕೊಳ್ಳಬೇಕು. ನಾನು ತಬ್ಬಲಿಲ್ಲ. ಆಕೆಯನ್ನು ಕಡೆಯವರೆಗೂ ಚಿಗವ್ವ ಎಂದೇ ಕರೆದೆ. ನೀಲಾ ಅವ್ವ ಅನ್ನುತ್ತಿದ್ದಳು, ನಾನು ಚಿಗವ್ವ ಅನ್ನುತ್ತಿದ್ದೆ; ಎರಡು ಕೂಗಿಗೂ ಆಕೆ ಒಂದೇ ಓಟದಲ್ಲಿ ಬರುತ್ತಿದ್ದಳು. ಅವ್ವ ಅನ್ನಿಸಿಕೊಳ್ಳಬೇಕೆಂಬ ಆಸೆ ಇತ್ತೋ ಇಲ್ಲವೋ, ಕೇಳುವಷ್ಟು ಬಿಡುವು ಇಬ್ಬರಿಗೂ ಸಿಗಲಿಲ್ಲ.

ಮುಂದಿನ ಸಂತೆಗೆ ಚಿಗವ್ವ ಒಂದೇ ಥಾನಿನ ಹೂವಿನ ಬಟ್ಟೆ ತೆಗೆದುಕೊಂಡು ನಮ್ಮಿಬ್ಬರನ್ನೂ ದರ್ಜಿ ಹುಸೇನಸಾಬನ ಕಟ್ಟೆಗೆ ಕರೆದೊಯ್ದಳು. ಹುಸೇನಸಾಬ ಮುದುಕ, ಊರಿನ ಎಲ್ಲ ಮಕ್ಕಳ ಅಳತೆ ಅವನ ಬಾಯಲ್ಲಿ. ನನ್ನ ಅಳತೆ ತೆಗೆದು, ಲಂಗದ ಕೆಳಗೆ ನಾಲ್ಕು ಬೆರಳು ಮಡಿಚಿ ಹೊಲಿಯುತ್ತೇನೆಂದು ಸುಣ್ಣದ ಗೆರೆ ಎಳೆದ. ಬೆಳೆಯುವ ಮಕ್ಕಳಿಗೆ ಹಾಗೆಯೇ ಮಾಡುವುದು. ವರ್ಷಕ್ಕೊಮ್ಮೆ ಒಂದೊಂದು ಬೆರಳು ಬಿಚ್ಚಿದರೆ ಲಂಗ ನಾಲ್ಕು ವರ್ಷ ಬರುತ್ತದೆ. ಆಮೇಲೆ ನೀಲಾಳನ್ನು ನಿಲ್ಲಿಸಿ, ಅವಳ ಮುಖ ನೋಡಿ, ಕತ್ತರಿ ಕೆಳಗಿಟ್ಟ.

“ಈ ಬೇಟಿ ಹೊಸಾಕಿ ಕಾಣ್ತಾಳಲ್ಲಮ್ಮ. ನಾಕು ದಿನ ಇದ್ದು ಹೋಗಾಕಿ ಇದ್ರ ಮಡಿಚಿ ಹೊಲಿಯಂಗಿಲ್ಲ, ಸುಮ್ಮನ ಬಟ್ಟಿ ದಂಡ. ಎಷ್ಟು ಬಿಡಲಿ?”

ಚಿಗವ್ವ ನೀಲಾಳ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತಳು. ಬಟ್ಟೆಯ ಅಂಚನ್ನು ತಾನೇ ಹಿಡಿದು, ತನ್ನ ನಾಲ್ಕು ಬೆರಳು ಅಡ್ಡ ಇಟ್ಟು ತೋರಿಸಿದಳು.

“ಇಕಿಗೂ ನಾಕು ಬೆರಳು ಬಿಡೋ ಹುಸೇನಸಾಬ,” ಎಂದಳು. “ಎರಡೂ ಇಲ್ಲೇ ಬೆಳೀತಾವ.”